ಬೆವರದ ಮಂಜುಗಡ್ಡೆ

ಕುಳುಕ್.

ಕಾರ್ಯದರ್ಶಿ ಕಣ್ಣು ತೆರೆದಳು. ಹೊಸ ಜಾಗದಲ್ಲಿ ಅವಳ ನಿದ್ದೆ ಹೊಸ್ತಿಲಲ್ಲೇ ಕೂತಿರುತ್ತಿತ್ತು. ಸಣ್ಣ ನೆಪ ಸಿಕ್ಕರೆ ಸಾಕು, ಎದ್ದು ಹೊರಟುಬಿಡುತ್ತಿತ್ತು. ಮತ್ತೆ ಅದೇ ಸದ್ದು. ಕುಳುಕ್, ಕುಳುಕ್. ತೆಂಗಿನಕಾಯಿ ಕೊಳ್ಳುವವರು ಕಿವಿಯ ಬಳಿ ಹಿಡಿದು ಅಲ್ಲಾಡಿಸುವ ಹಾಗೆ. ಆಮೇಲೆ ಕೆಳಗಿನ ಓಣಿಯಲ್ಲಿ ಹೆಜ್ಜೆ. ಆಮೇಲೆ ಏನೂ ಇಲ್ಲ.

ಕೈ ತಾನಾಗಿಯೇ ಕೊರಳಿಗೆ ಹೋಯಿತು. ದಾರ ಇತ್ತು. ದಾರದಲ್ಲಿ ಕೀಲಿಯೂ ಇತ್ತು.

ಪಕ್ಕದ ಕೋಣೆಯಿಂದ ಜಡ್ಜ್ ಸಾಹೇಬರ ಗೊರಕೆ, ಹಳೆಯ ಸ್ಕೂಟರು ಏರು ಹತ್ತುವಂತೆ ಕೇಳುತ್ತಿತ್ತು. ಮನೆಯಲ್ಲಾಗಿದ್ದರೆ ಗಂಡ ಹೇಳುತ್ತಿದ್ದ: 'ಗ್ಯಾಸ್ ಆರಿಸಿದೀನಿ, ಚಿಲಕ ಹಾಕಿದೀನಿ, ಕಳ್ಳ ಬಂದ್ರೆ ಎಬ್ಬಿಸ್ತೀನಿ. ಮಲಕ್ಕೋ ಮಾರಾಯ್ತಿ.' ಅವಳು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು.

ತುಸು ಹೊತ್ತಿನ ಮೇಲೆ ಇನ್ನೊಂದು ಸದ್ದು. ಟಿಣ್ — ಗಾಜು.

ಬೆಳಿಗ್ಗೆ ಔಷಧದ ಕೋಣೆಯ ಫ್ರೀಜರ್ ತೆರೆದಾಗ ಅವಳು ಇಟ್ಟಿದ್ದ ಸೀಸೆ ಅಲ್ಲಿರಲಿಲ್ಲ.

"ಸರಿಯಾಗಿ ನೋಡಮ್ಮಾ, ಹಿಂದೆ ಎಲ್ಲಾದ್ರೂ ಉರುಳಿರ್ಬೇಕು," ಎಂದರು ಜಡ್ಜ್ ಸಾಹೇಬರು, ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಓಡಿಬಂದಿದ್ದವರು.

ಉರುಳಿರಲಿಲ್ಲ. ಮೂಲೆಯಲ್ಲಿ ಸೂಜಿ, ಬ್ಲೇಡು ಹಾಕುವ ಹಳದಿ ಡಬ್ಬಿಯಿತ್ತು. ಅದರ ಪಾರದರ್ಶಕ ಮುಚ್ಚಳದಡಿ ಗಾಜಿನ ಚೂರುಗಳು ಹೊಳೆಯುತ್ತಿದ್ದವು. ನೆಲ ಒದ್ದೆಬಟ್ಟೆಯಲ್ಲಿ ಒರೆಸಿದಂತೆ ಶುಭ್ರವಾಗಿತ್ತು.

ಜಡ್ಜ್ ಸಾಹೇಬರು ನಿಟ್ಟುಸಿರಿಟ್ಟರು. "ಇವತ್ತಿನ ಪರೀಕ್ಷೆ ಹೋಯ್ತು."

ಅದೊಂದು ಕ್ರೀಡಾಂಗಣ. ಜ್ವರ ಹಬ್ಬಿದ ಮೇಲೆ ಅಲ್ಲಿ ಆಟ ನಿಂತಿತ್ತು. ಹಲವು ದೇಶಗಳಿಂದ ವೈದ್ಯರು, ನರ್ಸುಗಳು, ಲಾರಿಗಟ್ಟಲೆ ಸಾಮಾನು ಬಂದಿಳಿದಿದ್ದವು. ಒಳಾಂಗಣ ವಾರ್ಡಾಯಿತು, ಆಟಗಾರರು ಬಟ್ಟೆ ಬದಲಿಸುವ ಕೋಣೆ ಕಚೇರಿಯಾಯಿತು, ಟಿಕೆಟ್ ಕೊಡುವ ಗೂಡಿನಲ್ಲಿ ಲಸಿಕೆಯ ಫ್ರಿಜ್ ಕೂತಿತು. ಈ ಇಡೀ ಕೆಲಸ ನೆಟ್ಟಗೆ ನಡೆಯುತ್ತಿದೆಯೇ ಎಂದು ಹೊರಗಿನವರಾಗಿ ನೋಡಲು, ಯಾರ ಸಂಬಳಕ್ಕೂ ಯಾರ ಮುಲಾಜಿಗೂ ಸೇರದ ಮೂವರ ಸಮಿತಿಯೊಂದು ಹಿಂದಿನ ದಿನ ಬಂದಿತ್ತು. ನಿವೃತ್ತ ಜಡ್ಜ್ ಸಾಹೇಬರು ಅದರ ಅಧ್ಯಕ್ಷರು. ಲಸಿಕೆ ಸಾಗಣೆಯಲ್ಲಿ ತಲೆ ನರೆತ, ಎಲ್ಲರೂ 'ದೊಡ್ಡ ಡಾಕ್ಟರು' ಎನ್ನುವವರು ತಜ್ಞ ಸದಸ್ಯರು. ಅವಳು ಕಾರ್ಯದರ್ಶಿ.

ಬಂದ ಕಾರಣವೂ ಸಣ್ಣದಾಗಿರಲಿಲ್ಲ. ಲಸಿಕೆ ಹಾಕಿಸಿಕೊಂಡಿದ್ದ ನರ್ಸುಗಳಿಗೇ ಜ್ವರ ತಗುಲತೊಡಗಿತ್ತು. ಕೈಗವಸು ಸರಿಯಾಗಿ ಹಾಕಿಕೊಳ್ಳದ್ದು ಅವರದೇ ತಪ್ಪು ಎನ್ನುತ್ತಿದ್ದ ಇಲ್ಲಿನ ನಿರ್ದೇಶಕ. ಲಸಿಕೆಯೇ ದಾರಿಯಲ್ಲಿ ಹೆಪ್ಪುಗಟ್ಟಿ ಕೆಟ್ಟಿದೆ ಎಂಬುದು ವಾರ್ಡಿನ ಪಿಸುಮಾತು. ಅದೇ ಲಸಿಕೆ ಹಾಕಿಸಿಕೊಂಡ ಎರಡು ಬಸ್ಸು ಜನ ಇಂದು ಮಧ್ಯಾಹ್ನ ಹೊಳೆಯಾಚೆಯ ಬಡಾವಣೆಗೆ, ಜ್ವರದ ಬಾಯಿಗೇ, ಹೊರಡುವವರಿದ್ದರು. ಲಸಿಕೆ ಒಳ್ಳೆಯದಾಗಿದ್ದರೆ ಅವರು ಬದುಕಿ ಬರುತ್ತಾರೆ. ಅಲ್ಲದಿದ್ದರೆ?

ಹೆಪ್ಪುಗಟ್ಟಿ ಕರಗಿದ ಲಸಿಕೆ ನೋಡಲು ಮೊದಲಿನಂತೆಯೇ ಇರುತ್ತದೆ. ಆದರೆ ಕುಲುಕಿ ಇಟ್ಟರೆ ಅದರ ಹಾಲುಬಿಳುಪು ಬೇಗನೆ ತಳಕ್ಕಿಳಿಯುತ್ತದೆ. ಅದನ್ನು ಕಂಡುಹಿಡಿಯಲು ಒಂದು ಪದ್ಧತಿಯಿದೆ. ಅದೇ ಡಬ್ಬಿಯ ಒಂದು ಸೀಸೆಯನ್ನು ಬೇಕೆಂದೇ ರಾತ್ರಿಯಿಡೀ ಹೆಪ್ಪುಗಟ್ಟಿಸಿ, ಬೆಳಿಗ್ಗೆ ಕರಗಿಸಿ, ಅನುಮಾನದ ಸೀಸೆಯೊಂದಿಗೆ ಕುಲುಕಿ ಪಕ್ಕಪಕ್ಕ ಇಡುವುದು. ಎರಡೂ ಒಂದೇ ಸಮ ಇಳಿದವೋ, ಅನುಮಾನ ನಿಜ. ನಿನ್ನೆ ಸಂಜೆ ದೊಡ್ಡ ಡಾಕ್ಟರೇ ಉಳಿದಿದ್ದ ಒಂದೇ ಡಬ್ಬಿಯಿಂದ ಸೀಸೆ ತೆಗೆದುಕೊಟ್ಟಿದ್ದರು. ಅವಳು ಅದನ್ನು ಔಷಧದ ಕೋಣೆಯ ಫ್ರೀಜರಿಗೆ ಇಟ್ಟಿದ್ದಳು. ಡಬ್ಬಿಯಿದ್ದ ಫ್ರಿಜ್‌ಗೆ ಸಮಿತಿಯದೇ ಬೀಗ ಬಿದ್ದಿತ್ತು. ಅದಕ್ಕೆ ಎರಡು ಕೀಲಿ: ಒಂದು ಅವಳ ಕೊರಳಲ್ಲಿ, ಒಂದು ದೊಡ್ಡ ಡಾಕ್ಟರ ಬಳಿ. ಜಡ್ಜ್ ಸಾಹೇಬರು, "ನನಗೆ ಬೇಡಪ್ಪ, ನನ್ನ ಕನ್ನಡಕವೇ ನನ್ನ ಹತ್ರ ನಿಲ್ಲಲ್ಲ," ಎಂದಿದ್ದರು.

ಮೊದಲು ಬಂದವನು ಉಗ್ರಾಣಿ. ದಪ್ಪ ಹೊಟ್ಟೆ, ಸಣ್ಣ ಕಣ್ಣು. ಬಾಗಿಲಿಗೆ ಒರಗಿ ನಿಂತ.

"ರಾತ್ರಿ ಎಲ್ಲಿದ್ರಿ?" ಕಾರ್ಯದರ್ಶಿ ಕೇಳಿದಳು.

"ಇದನ್ನ ನನ್ನ ಹೆಂಡ್ತಿ ಕೇಳ್ಬೇಕು ಮೇಡಂ. ಅವಳೇ ಕೇಳೋದು ಬಿಟ್ಟು ವರ್ಷಗಳಾಯ್ತು."

"ತಮಾಷೆ ಬೇಡ."

"ಗೇಟ್ ಹತ್ರ ಮಂಜುಗಡ್ಡೆ ಲಾರಿ ಇಳಿಸ್ತಿದ್ದೆ. ವಾಚ್‌ಮನ್ನೂ ಜೊತೆಗಿದ್ದ. ಬೇಕಾದ್ರೆ ಕೇಳಿ."

"ಈ ಲಸಿಕೆ ನಿಮ್ಮ ಉಗ್ರಾಣದಲ್ಲಿ ಇನ್ನೂ ಇದೆಯಾ?"

"ಇದೆ. ಎರಡನೇ ಸಲ ಬಂದಿದ್ದು. ಮೊದಲ್ನೇದು ವಿಮಾನ ನಿಲ್ದಾಣದಲ್ಲಿ ಬಿಸಿಲಲ್ಲಿ ಬಿದ್ದಿತ್ತಲ್ಲ, ಅದು ಖಾಲಿ. ನೀವು ಬೀಗ ಹಾಕಿರೋ ಡಬ್ಬಿ ಒಂದೇ ಕೊನೇದು. ಎರಡನೇದು ಆಮೇಲೆ ರಸ್ತೇಲಿ ತಣ್ಣಗೆ ಬಂತು. ಲೇಬಲ್ ಮೇಲಿನ ನಂಬರ್ ಎರಡಕ್ಕೂ ಒಂದೇ. ಒಂದೇ ತಾಯಿ ಮಕ್ಕಳು ಮೇಡಂ, ಬೇರೆ ಬೇರೆ ಬಸ್ಸಲ್ಲಿ ಬಂದ್ರು, ಅಷ್ಟೇ."

"ಉಗ್ರಾಣದ ಕೀಲಿ?"

"ನನ್ನ ಹತ್ರ ಒಂದು. ನಿರ್ದೇಶಕರ ಹತ್ರ ಒಂದು."

ಎರಡನೆಯವಳು ಹಿರಿಯ ನರ್ಸ್. ಇಡೀ ವಾರ್ಡಿಗೆ ಅವಳು 'ಅಕ್ಕ'. ನಿಜವಾದ ಅಕ್ಕನೂ ಹೌದು — ಅವಳ ಒಡಹುಟ್ಟಿದ ತಂಗಿ, ಅವಳೂ ನರ್ಸೇ, ಅದೇ ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಜ್ವರದಿಂದ ಬೇಯುತ್ತಿದ್ದಳು.

"ರಾತ್ರಿ ಪಾಳಿ ನಿಮ್ಮದೇ ಅಲ್ವಾ?"

"ಹೌದು."

"ಔಷಧದ ಕೋಣೆಗೆ ಯಾರಾದ್ರೂ ಬಂದ್ರಾ?"

"ನಾನೇ ಹತ್ತು ಸಲ ಬಂದಿರ್ತೀನಿ. ತಂಗಿಗೆ ಔಷಧ ಬೇಕಿತ್ತು."

"ಬೇರೆ ಯಾರಾದ್ರೂ?"

ಅಕ್ಕ ತಲೆಯೆತ್ತಿದಳು. ಕಾರ್ಯದರ್ಶಿಯ ಹಿಂದೆ ನಿಂತಿದ್ದ ಜಡ್ಜ್ ಸಾಹೇಬರನ್ನೂ ಅವರ ಪಕ್ಕದ ದೊಡ್ಡ ಡಾಕ್ಟರನ್ನೂ ಒಮ್ಮೆ ನೋಡಿದಳು. "ಹೊರಗಿನವರ ಹತ್ರ ಮಾತಾಡಿದ್ರೆ ಕೆಲಸ ಹೋಗುತ್ತೆ ಅಂದಿದಾರೆ. ನನ್ನ ಕೆಲಸ ಹೋದ್ರೆ ತಂಗಿ ಹಾಸಿಗೆ ಪಕ್ಕ ನಿಲ್ಲೋಕೂ ಬಿಡಲ್ಲ."

"ನಾವು ಹೊರಗಿನವರಲ್ಲಮ್ಮ, ನಿಮ್ಮ ಪರವಾಗಿ ಬಂದವರು," ಎಂದರು ಜಡ್ಜ್ ಸಾಹೇಬರು.

"ಮೂರೂ ಜನಾನಾ?" ಎಂದಳು ಅಕ್ಕ. ಹಾಗೆಂದು ಬೆಚ್ಚಿ, ಕೈಯನ್ನು ಏಪ್ರನ್ನಿನ ಕಿಸೆಗೆ ತುರುಕಿಕೊಂಡು ಹೊರಟುಹೋದಳು. ಹೆಬ್ಬೆರಳಿಗೆ ಸುತ್ತಿದ್ದ ಹೊಸ ಪಟ್ಟಿ ಕಾರ್ಯದರ್ಶಿಯ ಕಣ್ಣಿಗೆ ಬಿತ್ತು.

ನಿರ್ದೇಶಕ ತಾನಾಗಿಯೇ ಬಂದ. ನಿದ್ದೆಯಿಲ್ಲದೆ ಕೆಂಪಾದ ಕಣ್ಣು, ಮೆದು ದನಿ. "ಬಸ್ಸುಗಳನ್ನ ತಡೀಬೇಡಿ. ಹೊಳೆ ಆಚೆ ಜನ ಸಾಯ್ತಿದಾರೆ. ಒಂದು ಸೀಸೆ ಒಡೆದಿದ್ದಕ್ಕೆ ನಾನು ಊರು ಮುಳುಗಿಸೋಕಾಗಲ್ಲ."

"ಅನುಮಾನದ ಮೇಲೆ ಬಸ್ಸು ನಿಲ್ಲಿಸೋ ಅಧಿಕಾರ ನನಗಿಲ್ಲ," ಎಂದರು ಜಡ್ಜ್ ಸಾಹೇಬರು ಬೇಸರದಿಂದ. "ಪುರಾವೆ ಇದ್ರೆ ಇದೆ."

"ಪುರಾವೆ ಮಾಡೋಣ!" ಎಂದರು ದೊಡ್ಡ ಡಾಕ್ಟರು. ಅವರ ಮುಖ ಕೆಂಪಗಾಗಿತ್ತು. "ಪರೀಕ್ಷೆ ಅಂದ್ರೆ ಹೆದರೋ ಕಳ್ಳ ಯಾರೋ ಒಡೆದಿದಾನೆ. ಒಡೆದ್ರೆ ನಿಲ್ಲುತ್ತಾ? ಇನ್ನೊಂದು ಸೀಸೆ ಇಡೋಣ. ಫ್ರೀಜರ್ ಪೂರ್ತಿ ಏರಿಸಿದ್ರೆ ಮಧ್ಯಾಹ್ನದೊಳಗೆ ಗಟ್ಟಿಯಾಗುತ್ತೆ. ಬನ್ನಿ."

ಲಸಿಕೆಯ ಫ್ರಿಜ್ಜಿನ ಬೀಗ ಹಾಗೇ ಇತ್ತು, ಒಂದು ಗೀರೂ ಇಲ್ಲದೆ.

"ನಿಮ್ಮ ಕೀಲಿ ರಾತ್ರಿ ಎಲ್ಲಾದ್ರೂ..." ಎಂದು ಅವಳು ರಾಗ ಎಳೆದಳು.

"ದಿಂಬಿನ ಕೆಳಗಿತ್ತು. ಒಂದು ಗಳಿಗೆ ಕೂಡ ನನ್ನ ಬಿಟ್ಟು ಹೋಗಿಲ್ಲ," ಎಂದರು ದೊಡ್ಡ ಡಾಕ್ಟರು ಜಂಬದಿಂದ. "ನಿಂದು ನೋಡ್ಕೋ."

ಅವರು ಡಬ್ಬಿಯಿಂದ ಒಂದು ಸೀಸೆ ತೆಗೆದು ಅವಳ ಅಂಗೈಗಿಟ್ಟರು. ಅವಳು ಫ್ರೀಜರಿನತ್ತ ನಡೆಯುತ್ತ ಲೇಬಲ್ ಓದಿದಳು. ಓದುವುದು ಅವಳ ರೋಗ. ಬಿಸ್ಕತ್ತಿನ ಪೊಟ್ಟಣವನ್ನೂ ಹಿಂದೆಮುಂದೆ ಓದದೆ ಒಡೆಯುತ್ತಿರಲಿಲ್ಲ. ನಂಬರ್ ಸರಿ. ಅದರ ಕೆಳಗೆ ಪುಟ್ಟ ವೃತ್ತ, ವೃತ್ತದೊಳಗೊಂದು ಚೌಕ. ಸೀಸೆ ಎಷ್ಟು ಬಿಸಿ ಉಂಡಿದೆಯೆಂದು ಹೇಳುವ ಗುರುತು ಅದು. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಈ ಚೌಕ ಮಲ್ಲಿಗೆಯಂತೆ ಬೆಳ್ಳಗಿತ್ತು.

ಅವಳು ಸೀಸೆಯನ್ನು ಫ್ರೀಜರಿಗಿಟ್ಟಳು. ಏನೋ ಒಂದು ಸರಿಯಿಲ್ಲ. ಏನು?

ಹೊರಗಿನ ಓಣಿಯಲ್ಲಿ ಉಗ್ರಾಣಿ ಬಸ್ಸುಗಳಿಗಾಗಿ ನೀಲಿ ಪೆಟ್ಟಿಗೆಗಳನ್ನು ತುಂಬುತ್ತಿದ್ದ. ಇಟ್ಟಿಗೆಯಂಥ ಒಂದು ಪ್ಲಾಸ್ಟಿಕ್ ಮಂಜುಗಡ್ಡೆ ಎತ್ತಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ.

ಕುಳುಕ್.

ಅವಳು ನಿಂತಲ್ಲೇ ನಿಂತಳು. "ಇನ್ನೊಂದು ಸಲ."

"ಏನು ಮೇಡಂ?"

"ಅಲ್ಲಾಡಿಸಿ. ಇನ್ನೊಂದು ಸಲ."

ಕುಳುಕ್, ಕುಳುಕ್.

"ಯಾಕೆ ಹೀಗೆ ಮಾಡ್ತೀರಿ?"

"ಬೆವರಿದೆಯಾ ನೋಡೋಕೆ. ಫ್ರೀಜರಿಂದ ತೆಗೆದ ತಕ್ಷಣ ಇದು ಕಲ್ಲು ಮೇಡಂ, ಸೀಸೆಗೆ ತಾಗಿಸಿದ್ರೆ ಲಸಿಕೆ ಹೆಪ್ಪುಗಟ್ಟಿ ಹೋಗುತ್ತೆ. ಹೊರಗಿಟ್ಟು ಕಾಯ್ಬೇಕು. ಮೈ ಬೆವರಿ, ಒಳಗೆ ನೀರು ಆಡೋ ಸದ್ದು ಬಂದ್ಮೇಲೇ ಪೆಟ್ಟಿಗೆಗೆ. ಲಸಿಕೆ ಮುಟ್ಟಿದವರಿಗೆಲ್ಲ ಈ ಅಭ್ಯಾಸ. ಹಾಲಿನ ಪ್ಯಾಕೆಟ್ಟನ್ನೂ ಕಿವಿಗಿಟ್ಟು ನೋಡ್ತೀನಿ ಅಂತ ನನ್ನ ಮಗಳು ನಗ್ತಾಳೆ."

"ಕೆಟ್ಟ ಲಸಿಕೆ ಒಯ್ಯೋವಾಗ್ಲೂ ಇಷ್ಟೆಲ್ಲ ಕಾಯ್ತಾರಾ?"

ಉಗ್ರಾಣಿ ಅವಳನ್ನು ಕರುಣೆಯಿಂದ ನೋಡಿದ. "ಹೆಣಕ್ಕೆ ಯಾರಾದ್ರೂ ಸ್ವೆಟರ್ ಹಾಕ್ತಾರಾ ಮೇಡಂ?"

ಅವಳು ಹಿಂದಿರುಗಿ ನಡೆದಳು, ಕೊನೆಗೆ ಓಡಿದಳು. ಔಷಧದ ಕೋಣೆಯ ಹಳದಿ ಡಬ್ಬಿಯ ಮುಚ್ಚಳ ತೆಗೆದು ಚಿಮಟದಿಂದ ಚೂರುಗಳನ್ನು ಸರಿಸಿದಳು. ಒಂದು ದೊಡ್ಡ ಚೂರಿಗೆ ಲೇಬಲ್ ಇನ್ನೂ ಅಂಟಿತ್ತು.

ಊಟದ ಗಂಟೆಗೆ ಮೊದಲೇ ಎಲ್ಲರೂ ಅಂಪೈರುಗಳ ಕೋಣೆಯಲ್ಲಿ ಸೇರಿದರು. ಅವಳೇ ಕರೆಸಿದ್ದಳು. ಕಿಟಕಿಯಾಚೆ ಬಸ್ಸುಗಳು ಎಂಜಿನ್ ಚಾಲೂ ಮಾಡಿಕೊಂಡು ನಿಂತಿದ್ದವು. ಜನ ಹತ್ತುತ್ತಿದ್ದರು, ಯಾರೋ ಯಾರದೋ ಟೋಪಿ ಕಸಿದುಕೊಂಡು ನಗುತ್ತಿದ್ದರು.

ಅವಳು ಮೇಜಿನ ಮುಂದೆ ನಿಂತಳು. ಮಾತನ್ನು ಒಂದೊಂದಾಗಿ ಆಯ್ದುಕೊಂಡಳು.

"ಬೆಳಿಗ್ಗೆಯಿಂದ ನಾವು ಕೇಳ್ತಿರೋ ಪ್ರಶ್ನೆ ತಪ್ಪು. ಸೀಸೆ ಒಡೆದವರು ಯಾರು ಅಂತ ಕೇಳ್ತಿದೀವಿ. ಅದು ಕಳ್ಳತನವೇ ಅಲ್ಲ. ಕಳ್ಳತನ ಆಗಿರೋದು ಬೀಗದ ಒಳಗೆ."

"ಬೀಗ ಸರಿಯಾಗಿದೆ!" ಎಂದ ನಿರ್ದೇಶಕ.

"ಸರಿಯಾಗಿದೆ. ಅದೇ ಸಮಸ್ಯೆ." ಅವಳು ಬಿಳಿಯ ಬಟ್ಟೆಯ ಮೇಲೆ ಎರಡು ವಸ್ತು ಇಟ್ಟಳು: ಫ್ರೀಜರಿನಿಂದ ತೆಗೆದ ಸೀಸೆ, ಲೇಬಲ್ ಅಂಟಿದ ಚೂರು. "ಸಾಹೇಬರೆ, ಎರಡರ ಚೌಕವನ್ನೂ ನೋಡಿ."

ಜಡ್ಜ್ ಸಾಹೇಬರು ಕನ್ನಡಕ ಹುಡುಕಿದರು. ಅದು ಹಣೆಯ ಮೇಲೇ ಇತ್ತು. ಬಾಗಿ ನೋಡಿದರು. "ಒಡೆದದ್ದರದು ಬೂದಿ ಬಣ್ಣ. ಇದರದು ಬಿಳಿ."

"ಒಂದೇ ಡಬ್ಬಿ. ನಿನ್ನೆ ಸಂಜೆ ತೆಗೆದ ಸೀಸೆ ಬಿಸಿಲುಂಡಿತ್ತು. ವಿಮಾನ ನಿಲ್ದಾಣದಲ್ಲಿ ಬಿದ್ದಿದ್ದ ಮಾಲು ಹಾಗೇ ಇರ್ಬೇಕು. ಇವತ್ತು ಬೆಳಿಗ್ಗೆ ತೆಗೆದದ್ದು ಬಿಸಿಲನ್ನೇ ಕಂಡಿಲ್ಲ. ಈ ಚೌಕ ಕಪ್ಪಾಗಬಹುದು ಸಾಹೇಬರೆ. ಮತ್ತೆ ಬೆಳ್ಳಗಾಗಲ್ಲ. ರಾತ್ರಿ ಯಾರೋ ಡಬ್ಬಿಯೊಳಗಿನ ಕೆಟ್ಟ ಸೀಸೆಗಳನ್ನ ತೆಗೆದು, ಅದೇ ನಂಬರಿನ ಒಳ್ಳೆ ಸೀಸೆ ತುಂಬಿದಾರೆ. ಒಂದನ್ನ ಮಾತ್ರ ಮರೆತ್ರು. ಫ್ರೀಜರಿನಲ್ಲಿ ಒಂದು ಹಳೇ ಸೀಸೆ ಕೂತಿತ್ತು."

"ಉಗ್ರಾಣಿಯನ್ನ ಹಿಡೀರಿ. ಒಳ್ಳೆ ಮಾಲು ಅವನ ಕೈಯಲ್ಲೇ ಇರೋದು," ಎಂದರು ದೊಡ್ಡ ಡಾಕ್ಟರು.

"ಉಗ್ರಾಣ ತೆಗೀಬಹುದು ಅವರು. ನಮ್ಮ ಬೀಗ ತೆಗೆಯೋಕಾಗಲ್ಲ. ರಾತ್ರಿ ನಾನು ಒಂದು ಸದ್ದು ಕೇಳಿದೆ. ಬೆವರಿದ ಮಂಜುಗಡ್ಡೆ ಅಲ್ಲಾಡಿಸೋ ಸದ್ದು. ಕೆಟ್ಟದ್ದನ್ನ ಬರೀ ಎಸೆಯೋಕೆ ಬಂದವನಿಗೆ ಮಂಜುಗಡ್ಡೆ ಬೇಡ. ಹಾಗಾದ್ರೆ ಒಳ್ಳೆಯದು ಒಳಗೆ ಬರ್ತಾ ಇತ್ತು. ನಾಲ್ಕು ಹೆಜ್ಜೆ ಒಯ್ಯೋಕೂ ಮಂಜುಗಡ್ಡೆ ಕಿವಿಗಿಟ್ಟು ನೋಡದೆ ಇರಲಾರದ ಕೈ ಅದು. ಇಡೀ ಜೀವನ ಲಸಿಕೆ ಮುಟ್ಟಿದ ಕೈ." ಅವಳು ದೊಡ್ಡ ಡಾಕ್ಟರತ್ತ ತಿರುಗಿದಳು. "ಬೀಗಕ್ಕೆ ಎರಡು ಕೀಲಿ. ಒಂದು ನನ್ನ ಕೊರಳಲ್ಲಿತ್ತು. ಇನ್ನೊಂದು ಒಂದು ಗಳಿಗೆ ಕೂಡ ತಮ್ಮನ್ನ ಬಿಟ್ಟು ಹೋಗಿಲ್ಲ ಅಂತ ತಾವೇ ಹೇಳಿದ್ರಿ, ಡಾಕ್ಟರೆ."

ದೊಡ್ಡ ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಹುಚ್ಚು ಹಿಡಿದಿದೆಯಾ ನಿನಗೆ?" ಎಂದರು. "ಪರೀಕ್ಷೆ ಆಗ್ಲೇಬೇಕು ಅಂತ ಬೆಳಿಗ್ಗೆಯಿಂದ ಬಡ್ಕೊಳ್ತಿರೋನು ನಾನು!"

"ಹೌದು. ಇಲ್ಲಿ ಪರೀಕ್ಷೆ ಅಂದ್ರೆ ಎಲ್ಲರೂ ಹೆದರಿದ್ರು, ನಾನೂ ಸೇರಿ. ನೀವೊಬ್ಬರೇ ಅವಸರ ಮಾಡಿದ್ರಿ. ಏನು ಬರುತ್ತೆ ಅಂತ ನಿಮಗೆ ಗೊತ್ತಿತ್ತು. ಬದಲಿಸಿಟ್ಟ ಒಳ್ಳೆ ಸೀಸೆ ತಳಕ್ಕಿಳಿಯಲ್ಲ, ಲಸಿಕೆ ಸರಿಯಿದೆ ಅಂತಾಗುತ್ತೆ."

ಜಡ್ಜ್ ಸಾಹೇಬರು ನಿಧಾನವಾಗಿ ಎದ್ದರು. "ಡಾಕ್ಟರೆ, ನಿಮ್ಮ ಚೀಲ ನೋಡಬಹುದಾ?"

ಸೀಸೆಗಳು ಕಾಲುಚೀಲದೊಳಗಿದ್ದವು. ಒಳ್ಳೆಯವಕ್ಕೆ ಮಂಜುಗಡ್ಡೆಯ ಹಾಸಿಗೆ. ಇವಕ್ಕೆ ಹಳೆಯ ಉಣ್ಣೆಯ ಕಾಲುಚೀಲ. ಕಾರ್ಯದರ್ಶಿ ಅದರಿಂದೊಂದು, ಫ್ರಿಜ್‌ನಿಂದ ತರಿಸಿದ್ದ ಬಿಳಿ ಚೌಕದ್ದೊಂದು ಹಿಡಿದು ಒಟ್ಟಿಗೆ ಕುಲುಕಿ, ಕಿಟಕಿಯ ಬೆಳಕಿನಲ್ಲಿ ಇಟ್ಟಳು. ಎಲ್ಲರೂ ಬಾಗಿ ನೋಡಿದರು. ಒಂದು ಹಾಲಿನಂತೆ ನಿಂತಿತ್ತು. ಇನ್ನೊಂದರಲ್ಲಿ ಬಿಳುಪು ಒಡೆದ ಮೊಸರಿನಂತೆ ಚೂರುಚೂರಾಗಿ ತಳಕ್ಕಿಳಿಯಿತು. ಮೇಲೆ ಬರೀ ನೀರು.

ಜಡ್ಜ್ ಸಾಹೇಬರು ಕಿಟಕಿ ತೆರೆದು, ಯಾವ ಕೋರ್ಟಿನಲ್ಲೂ ಕೂಗಿರದಷ್ಟು ಜೋರಾಗಿ ಕೂಗಿದರು. "ಬಸ್ಸು ನಿಲ್ಸಿ! ಎಲ್ಲರೂ ಇಳೀರಿ!"

ದೊಡ್ಡ ಡಾಕ್ಟರು ಕುರ್ಚಿಯಲ್ಲಿ ಕುಸಿದರು. ಇದ್ದಕ್ಕಿದ್ದಂತೆ ಬರೀ ಮುದುಕರಾಗಿ ಕಂಡರು. "ಲಸಿಕೆ ಬಿಸಿಲಲ್ಲಿ ಬೇಯ್ತಾ ಇತ್ತು. ಈ ನಿರ್ದೇಶಕ ಫೋನ್ ಮಾಡಿ, ಸರ್ ಏನ್ ಮಾಡ್ಲಿ ಅಂದ. ಆಗ ನಾನಿನ್ನೂ ಸಮಿತಿಯಲ್ಲಿರ್ಲಿಲ್ಲ. ಬೆವರೋ ತನಕ ಕಾಯಬೇಡ, ಹಾಗೇ ಮಂಜುಗಡ್ಡೆ ತುಂಬಿ ಕಳಿಸು ಅಂದೆ. ಬಿಸಿಯಿಂದ ಉಳಿಸೋಕೆ ಹೋಗಿ ತಣ್ಣಗೆ ಕೊಂದೆ. ಮೂವತ್ತು ವರ್ಷ ಹುಡುಗರಿಗೆ ಇದನ್ನೇ ಮಾಡಬೇಡಿ ಅಂತ ಪಾಠ ಹೇಳಿದೋನು ನಾನು."

"ಆಮೇಲೆ ಅದನ್ನೇ ಪರಿಶೀಲಿಸೋ ಸಮಿತಿಗೆ ಬಂದು ಕೂತ್ರಿ," ಎಂದರು ಜಡ್ಜ್ ಸಾಹೇಬರು. "ಫೋನಿನ ಮಾತು ಬಾಯಿ ಬಿಡದೆ."

"ಬೇರೆ ಯಾರಾದ್ರೂ ಬಂದಿದ್ರೆ ಗೊತ್ತಾಗಿಬಿಡ್ತಿತ್ತು."

ನಿರ್ದೇಶಕ ಗೋಡೆ ನೋಡುತ್ತಿದ್ದ. "ಸರ್ ಉಗ್ರಾಣದ ಕೀಲಿ ಕೇಳಿದ್ರು, ಕೊಟ್ಟೆ. ಯಾಕೆ ಅಂತ ಕೇಳ್ಲಿಲ್ಲ."

"ಗೊತ್ತಾಗುತ್ತೆ ಅಂತ ಕೇಳ್ಲಿಲ್ಲ," ಎಂದಳು ಅಕ್ಕ ಬಾಗಿಲ ಬಳಿಯಿಂದ. ಅವಳು ಆವರೆಗೆ ಆಡಿದ್ದ ಮಾತುಗಳಲ್ಲಿ ಅದೊಂದೇ ಗಟ್ಟಿಯಾಗಿತ್ತು. "ಕೈಗವಸು ಹಾಕ್ಕೊಳ್ಳೋಕೆ ಬರಲ್ಲ ಅಂತ ನನ್ನ ತಂಗಿಗೆ ಹೇಳಿದ್ರಲ್ಲ ಸಾರ್. ಪ್ರಜ್ಞೆ ತಪ್ಪೋಕೆ ಮುಂಚೆ ಅವಳು ಕೇಳಿದ್ದು ಅದೊಂದೇ. ಅಕ್ಕಾ, ನಾನೆಲ್ಲಿ ತಪ್ಪಿದೆ ಅಂತ."

ನಿರ್ದೇಶಕ ಮುಖ ಮುಚ್ಚಿಕೊಂಡ.

ಮಧ್ಯಾಹ್ನವೇ ಉಗ್ರಾಣದ ಒಳ್ಳೆಯ ಲಸಿಕೆ ಹೊರಬಂತು. ಬಸ್ಸಿನಿಂದಿಳಿದವರು ಗೊಣಗುತ್ತ ಮತ್ತೆ ತೋಳು ಮಡಚಿ ಸಾಲು ನಿಂತರು. ಮೈಯಲ್ಲಿ ಅದು ಕೆಲಸ ಶುರುಮಾಡುವವರೆಗೆ ಹೊಳೆ ದಾಟಕೂಡದೆಂದು ಜಡ್ಜ್ ಸಾಹೇಬರ ಆಜ್ಞೆ. ಎಲ್ಲ ಮುಗಿದ ಮೇಲೆ ಅವರು ಕಾರ್ಯದರ್ಶಿಯನ್ನು ಗ್ಯಾಲರಿಯ ಮೆಟ್ಟಿಲಿಗೆ ಕರೆದರು.

"ಒಂದು ಗಂಟು ಉಳೀತಲ್ಲಮ್ಮ. ಆ ಸೀಸೆ ಒಡೆದದ್ದು ಯಾರು? ಡಾಕ್ಟರಂತೂ ಅಲ್ಲ, ಪರೀಕ್ಷೆ ನಡೆಸೋಕೆ ಅವರಿಗೆ ಅದು ಬೇಕಿತ್ತು."

 ಗಾಜು ಒಡೆದೂ ಅದನ್ನು ನೆಲದಲ್ಲಿ ಬಿಡಲಾರದ, ಚೂರು ಯಾರ ಕಾಲಿಗೂ ಚುಚ್ಚದಿರಲೆಂದು ಹಳದಿ ಡಬ್ಬಿಗೆ ಹಾಕಿ ನೆಲ ಒರೆಸುವ ಕೈ ಎಂಥದೆಂದು ಅವಳಿಗೆ ಗೊತ್ತಿತ್ತು. ಆ ಕೈಯವಳು ರಾತ್ರಿ ವಾರ್ಡಿನ ಬಾಗಿಲಿಂದ ನೀಲಿ ಪೆಟ್ಟಿಗೆ ಹಿಡಿದ ಡಾಕ್ಟರನ್ನು ಕಂಡಿರಬೇಕು. ಯಾರಿಗೆ ದೂರುವುದು? ದೂರು ಕೇಳಲು ಬಂದವರಲ್ಲೇ ಒಬ್ಬರು ಅವರು. ಬೆಳಿಗ್ಗೆಯ ಸುಳ್ಳು ಪರೀಕ್ಷೆಯನ್ನು ನಿಲ್ಲಿಸಲು ಅವಳ ಕೈಗೆ ಸಿಕ್ಕಿದ್ದು ಅದೊಂದೇ ಸೀಸೆ. ಆದರೆ ನಿಯಮ ನಿಯಮವೇ. ಪುರಾವೆ ನಾಶ ಮಾಡಿದವರಿಗೆ ಇಲ್ಲಿ ಕೆಲಸವಿಲ್ಲ. ಹೆಸರು ಒಮ್ಮೆ ವರದಿಗೆ ಹೋದರೆ ಅದನ್ನು ವಾಪಸು ಕರೆಯಲಾಗದು.

"ಹೆಪ್ಪುಗಟ್ಟಿದ ಗಾಜು ಸಾಹೇಬರೆ," ಎಂದಳು. "ಒಂದೊಂದು ಸಲ ಒಡೆಯುತ್ತೆ." ಅದು ಸುಳ್ಳಲ್ಲ. ಆ ಮಾತನ್ನು ಅವಳು ಎಚ್ಚರಿಕೆಯಿಂದ ಆರಿಸಿದ್ದಳು.

"ಒಡೆದು, ಹಳದಿ ಡಬ್ಬಿಯೊಳಗೆ ತಾನೇ ಹೋಗಿ ಕೂತ್ಕೊಂಡು, ಮುಚ್ಚಳ ಹಾಕ್ಕೊಳ್ತಾ?"

ಅವಳು ಆಟದ ಬಯಲನ್ನು ನೋಡಿದಳು. ಜಡ್ಜ್ ಸಾಹೇಬರು ಅವಳನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಒಳ್ಳೆ ಸಂಸ್ಕಾರದ ಗಾಜು," ಎಂದಷ್ಟೇ ಹೇಳಿ ಎದ್ದುಹೋದರು.

ವಾರ್ಡಿನ ಕೊನೆಯ ಹಾಸಿಗೆಯ ಬಳಿ ಅಕ್ಕ ತಂಗಿಯ ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದಳು. ಗಾಜಿನ ಬಾಗಿಲಾಚೆ ನಿಂತ ಕಾರ್ಯದರ್ಶಿಯನ್ನು ಕಂಡು ಹತ್ತಿರ ಬಂದಳು.

"ಮೇಡಂ, ರಾತ್ರಿ ನಾನು —"

"ಜ್ವರ ಇಳಿದಿದೆಯಾ?" ಎಂದಳು ಕಾರ್ಯದರ್ಶಿ ಅಡ್ಡಬಾಯಿ ಹಾಕಿ.

ಅಕ್ಕ ಹಾಸಿಗೆಯತ್ತ ತಿರುಗಿ ನೋಡಿದಳು. "ಇನ್ನೂ ಇಲ್ಲ. ಆದ್ರೆ ಎಚ್ಚರ ಬಂದಿದೆ. ತಪ್ಪು ಅವಳದಲ್ಲ ಅಂತ ಹೇಳಿದೆ. ಕೇಳಿಸ್ತೋ ಇಲ್ವೋ, ನನ್ನ ಕೈ ಹಿಡ್ಕೊಂಡ್ಲು."

"ಆ ಬೆರಳಿನ ಪಟ್ಟಿ ಬದಲಾಯಿಸ್ಕೊಳ್ಳಿ. ಒದ್ದೆಯಾಗಿದೆ."

ಸಂಜೆ ಗಂಡ ಫೋನ್ ಮಾಡಿದ. "ಹೇಗಿತ್ತು? ನಿದ್ದೆ ಬಂತಾ? ಕಳ್ಳ ಸಿಕ್ಕಿದ್ನಾ?" ದಿನವೂ ಕೇಳುವ ತಮಾಷೆಯೇ ಅದು.

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನಿಗೆ ಹೇಳದೆ ಉಳಿಸಿಕೊಂಡದ್ದು ಅವಳ ಬಳಿ ಏನೂ ಇರಲಿಲ್ಲ. ಕೊರಳ ದಾರ ಬಿಚ್ಚಿ ಕೀಲಿಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರ ಕಥೆ ವರದಿಯಲ್ಲಿ ಬರುತ್ತದೆ. ಅದನ್ನು ಎಲ್ಲರೂ ಓದಲಿ. ಆ ಎರಡನೆಯ ಸದ್ದು ಮಾತ್ರ ಯಾರಿಗೂ ಬೇಡ. ಇವನಿಗೂ ಬೇಡ.

"ಸಿಕ್ಕಿದ," ಎಂದಳು. "ರಾತ್ರಿ ಒಂದು ಸದ್ದು ಕೇಳಿಸಿತ್ತು."

"ಒಂದೇನಾ?"

"ಒಂದೇ."